ಟ್ರಕ್ಕಿನ ಹಿಂದಿನ ಆಕ್ಸಲ್ ಯಾವುದು, ಅದಕ್ಕೆ ಯಾವ ಆಯಿಲ್? ಪದೇ ಪದೇ ಕೇಳುವ ಪ್ರಶ್ನೆಗಳು

"ನನ್ನ ಗಾಡಿಯ ಡಿಫರೆನ್ಷಿಯಲ್‌ಗೆ ಯಾವ ಆಯಿಲ್ ಹಾಕಲಿ?" ಅಂತ ಕೇಳುವವರು ಗಾಡಿಯ ಹೆಸರು, ವರ್ಷ, ಇಂಜಿನ್ ಎಲ್ಲ ಹೇಳುತ್ತಾರೆ. ಆಕ್ಸಲ್ ಯಾವುದು ಅಂತ ಮಾತ್ರ ಹೇಳುವುದಿಲ್ಲ. ಡಿಫರೆನ್ಷಿಯಲ್ ಅಂದರೆ ಎರಡು ಹಿಂದಿನ ಚಕ್ರಗಳಿಗೆ ಬಲ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ಅದು ಇರುವುದು ಆಕ್ಸಲ್ ನಡುವೆ, ಆಯಿಲ್ ಹೋಗುವುದೂ ಆಕ್ಸಲ್ ಒಳಗೆ ತಾನೇ. ಹಾಗಾಗಿ ಮೊದಲರ್ಧ ಆಕ್ಸಲ್ ಗುರುತಿಸುವ ಬಗ್ಗೆ, ಆಮೇಲೆ ಆಯಿಲ್ ಬಗ್ಗೆ. ಪಿಕಪ್‌ನಿಂದ ಹಿಡಿದು ಹತ್ತು ಚಕ್ರದ ಲಾರಿವರೆಗೆ ಎಲ್ಲಕ್ಕೂ ಲೆಕ್ಕ ಒಂದೇ, ಗಾತ್ರ ಬೇರೆ ಅಷ್ಟೇ.

ಗಾಡಿಯ ಹೆಸರು, ವರ್ಷ ಹೇಳಿದರೆ ಸಾಲದಾ?

ಸಾಲದು. ಒಂದೇ ಮಾಡೆಲ್, ಒಂದೇ ವರ್ಷದ ಗಾಡಿಗೆ ಕಾರ್ಖಾನೆಯಲ್ಲೇ ಎರಡು ಮೂರು ಬಗೆಯ ಆಕ್ಸಲ್ ಕೂರಿಸಿರುತ್ತಾರೆ. ಇಂಜಿನ್ ಯಾವುದು, ಎಷ್ಟು ಭಾರ ಹೊರಬೇಕು, ಟ್ರೇಲರ್ ಎಳೆಯುತ್ತದಾ ಇಲ್ವಾ ಅನ್ನೋದರ ಮೇಲೆ ಅದು ಬದಲಾಗುತ್ತದೆ. ಇನ್ನು ಗಾಡಿ ಹಳೆಯದಾದರೆ ಕೇಳುವುದೇ ಬೇಡ. ಹಿಂದಿನ ಮಾಲೀಕರು ಎಲ್ಲೋ ಗುಜರಿಯಿಂದ ಇಡೀ ಹೌಸಿಂಗ್ (ಆಕ್ಸಲ್‌ನ ಹೊರಗಿನ ಕಬ್ಬಿಣದ ಕವಚ) ತಂದು ಕೂರಿಸಿರಬಹುದು, ಅಥವಾ ಹೌಸಿಂಗ್ ಹಳೆಯದನ್ನೇ ಉಳಿಸಿ ಒಳಗಿನ ಕ್ರೌನ್-ಪಿನಿಯನ್ (ಗೇರ್‌ಬಾಕ್ಸಿನಿಂದ ಬರುವ ಶಾಫ್ಟಿನ ಬಲವನ್ನು ಚಕ್ರಗಳತ್ತ ಹೊರಳಿಸುವ ದೊಡ್ಡ-ಚಿಕ್ಕ ಗೇರ್ ಜೋಡಿ) ಮಾತ್ರ ಬೇರೆ ರೇಷಿಯೋದ್ದು ಹಾಕಿಸಿರಬಹುದು. ರೇಷಿಯೋ ಅಂದರೆ ಚಕ್ರದ ಒಂದು ಸುತ್ತಿಗೆ ಆ ಶಾಫ್ಟ್ ಎಷ್ಟು ಸುತ್ತು ಅನ್ನೋ ಲೆಕ್ಕ. ದಾಖಲೆಯಲ್ಲಿ ಅದೆಲ್ಲ ಇರುವುದಿಲ್ಲ. ಗಾಡಿ ಕೆಳಗೆ ನುಗ್ಗಿ ನೋಡಲೇಬೇಕು.

ಸರಿ, ಕೆಳಗೆ ನುಗ್ಗಿದೆ. ಎಲ್ಲಿ ನೋಡಲಿ?

ಮೊದಲು ತಗಡಿನ ಟ್ಯಾಗ್ ಹುಡುಕಿ. ಪಿಕಪ್‌ಗಳಲ್ಲಿ ಅದು ಸಾಮಾನ್ಯವಾಗಿ ಡಿಫರೆನ್ಷಿಯಲ್ ಕವರ್‌ನ ಒಂದು ಬೋಲ್ಟಿಗೆ ಸಿಕ್ಕಿಸಿರುತ್ತದೆ, ಬೆರಳಗಲದ ಪಟ್ಟಿ. ದೊಡ್ಡ ಲಾರಿಗಳಲ್ಲಿ ಕ್ಯಾರಿಯರ್ (ಕ್ರೌನ್-ಪಿನಿಯನ್ ಕೂತಿರುವ ಭಾಗ) ಮೇಲೆ ಅಥವಾ ಹೌಸಿಂಗ್ ಮೇಲೆ ಹೊಡೆದಿರುತ್ತಾರೆ. ಅದರ ಮೇಲೆ ಜಿಡ್ಡು, ಮಣ್ಣು, ಪೇಂಟ್ ಎಲ್ಲ ಸೇರಿ ಒಂದು ಪದರ ಕಟ್ಟಿರುತ್ತದೆ. ಸ್ಕ್ರೂಡ್ರೈವರ್‌ನಲ್ಲಿ ಕೆರೆಯಬೇಡಿ, ಅಕ್ಷರವೇ ಹೋಗುತ್ತದೆ. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಸ್ವಲ್ಪ ಹೊತ್ತು ಸುತ್ತಿಟ್ಟು, ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಓದಲು ಬರದಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಗುಂಡಿ ಬಿದ್ದ ಅಕ್ಷರದಲ್ಲಿ ನೆರಳು ಕೂತು ಅಂಕಿ ಎದ್ದು ಕಾಣುತ್ತದೆ.

ಏನು ಬರೆದಿರುತ್ತದೆ? ಉದಾಹರಣೆಗೆ ಫೋರ್ಡ್ ಟ್ಯಾಗಿನಲ್ಲಿ 3 55 ಅಂತ ಒಂದು ಕಡೆ, 8 8 ಅಂತ ಒಂದು ಕಡೆ ಇದ್ದರೆ, ರೇಷಿಯೋ 3.55, ಕ್ರೌನ್ ವೀಲ್ ಅಗಲ 8.8 ಇಂಚು. ಅದೇ ಜಾಗದಲ್ಲಿ 3 ಎಲ್ 55 ಅಂತಿದ್ದರೆ ನಡುವಿನ ಆ 'ಎಲ್' ಅಕ್ಷರ ಲಿಮಿಟೆಡ್ ಸ್ಲಿಪ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕೊಡುವ ಡಿಫರೆನ್ಷಿಯಲ್) ಇದೆ ಅಂತ ಹೇಳುತ್ತಿದೆ. ಆ ಒಂದು ಅಕ್ಷರ ಆಯಿಲ್ ಆಯ್ಕೆಯನ್ನೇ ಬದಲಾಯಿಸುತ್ತದೆ, ಆಮೇಲೆ ಬರೋಣ.

ಡಾನಾ ಆಕ್ಸಲ್‌ಗಳಲ್ಲಿ ಹೌಸಿಂಗ್‌ನ ಕೊಳವೆಯ ಮೇಲೆಯೇ ಒಂದು ಭಾಗಪಟ್ಟಿ ಸಂಖ್ಯೆ ಗುದ್ದಿರುತ್ತಾರೆ. ಆ ಸಂಖ್ಯೆ ಸಿಕ್ಕರೆ ಅದೃಷ್ಟ. ಆ ಆಕ್ಸಲ್ ಕಾರ್ಖಾನೆಯಿಂದ ಯಾವ ರೇಷಿಯೋ, ಯಾವ ಡಿಫರೆನ್ಷಿಯಲ್ ಜೊತೆ ಹೊರಬಂತು ಅನ್ನೋದೆಲ್ಲ ಅದರಿಂದ ಗೊತ್ತಾಗುತ್ತದೆ.

ಜನರಲ್ ಮೋಟಾರ್ಸ್‌ನ ಬಹಳಷ್ಟು ಪಿಕಪ್‌ಗಳಲ್ಲಿ ಗ್ಲೋವ್ ಬಾಕ್ಸ್ ಒಳಗೆ ಮೂರು ಅಕ್ಷರದ ಕೋಡ್‌ಗಳ ದೊಡ್ಡ ಚೀಟಿ ಅಂಟಿಸಿರುತ್ತದೆ. ಅದರಲ್ಲಿ ಜಿ80 ಇದ್ದರೆ ಲಾಕಿಂಗ್ ಡಿಫರೆನ್ಷಿಯಲ್, ಅಂದರೆ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಹಿಡಿದುಬಿಡುವ ಲಾಕರ್. ಜಿಯು6 ಅಂದರೆ 3.42, ಜಿಟಿ4 ಅಂದರೆ 3.73, ಜಿಟಿ5 ಅಂದರೆ 4.10 ರೇಷಿಯೋ. ಬೇರೆ ಕಂಪನಿಗಳವರು ಬಾಗಿಲ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿ ಆಕ್ಸಲ್ ಕೋಡ್ ಹಾಕುವುದೂ ಉಂಟು. ಆದರೆ ಸ್ಟಿಕ್ಕರ್ ಹೇಳುವುದು ಗಾಡಿ ಹೊಸದಾಗಿದ್ದಾಗಿನ ಕಥೆ. ಕೆಳಗಿರುವ ಕಬ್ಬಿಣ ಈಗ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಟ್ಯಾಗ್ ಬಿದ್ದುಹೋಗಿದೆ, ನಂಬರ್ ತುಕ್ಕು ತಿಂದಿದೆ. ಈಗ?

ಆಕಾರ ನೋಡಿ. ಮೊದಲ ಪ್ರಶ್ನೆ: ಹೌಸಿಂಗ್‌ನ ಹಿಂಭಾಗದಲ್ಲಿ ಬೋಲ್ಟ್ ಹಾಕಿದ ಕವರ್ ಇದೆಯಾ?

ಇದ್ದರೆ ಅದು ಸ್ಯಾಲಿಸ್‌ಬರಿ ಮಾದರಿ. ಕವರ್ ಬಿಚ್ಚಿದರೆ ಕ್ರೌನ್ ವೀಲ್ ನೇರ ಕಣ್ಣಿಗೆ ಬೀಳುತ್ತದೆ. ಡಾನಾ, ಜನರಲ್ ಮೋಟಾರ್ಸ್, ಫೋರ್ಡ್ 8.8, ಕ್ರೈಸ್ಲರ್ 9.25, ಇವೆಲ್ಲ ಈ ಜಾತಿ. ಹಿಂದೆ ಬೋಲ್ಟ್ ಕವರ್ ಇಲ್ಲದೆ ಗುಂಡಗೆ ಉಬ್ಬಿದ ಬೆನ್ನು ಮಾತ್ರ ಇದ್ದು, ಬೋಲ್ಟ್‌ಗಳೆಲ್ಲ ಮುಂಭಾಗದಲ್ಲಿ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಕಡೆ ಇದ್ದರೆ ಅದು ಬ್ಯಾಂಜೋ ಹೌಸಿಂಗ್. ಅದರಲ್ಲಿ ಕ್ರೌನ್-ಪಿನಿಯನ್ ಇರುವ ಇಡೀ ಗುಂಡಿಗೆಯನ್ನೇ (ಕ್ಯಾರಿಯರ್) ಮುಂದಿನಿಂದ ಹೊರತೆಗೆಯುತ್ತಾರೆ. ಫೋರ್ಡ್ 9 ಇಂಚು ಈ ಬಗೆ. ಸರಕು ಸಾಗಿಸುವ ದೊಡ್ಡ ಲಾರಿಗಳಲ್ಲಿ ಬಹುಪಾಲು ಇದೇ.

ಕವರ್ ಬೋಲ್ಟ್ ಎಣಿಸಿದರೆ ಆಕ್ಸಲ್ ಗೊತ್ತಾಗುತ್ತದೆ ಅಂತಾರೆ, ನಿಜಾನಾ?

ಅರ್ಧ ನಿಜ. ಬೋಲ್ಟ್ ಎಣಿಕೆ ಪಟ್ಟಿಯನ್ನು ಚಿಕ್ಕದು ಮಾಡುತ್ತದೆ, ಉತ್ತರ ಕೊಡುವುದಿಲ್ಲ. ಡಾನಾ 44ಕ್ಕೂ 10 ಬೋಲ್ಟ್, ಡಾನಾ 60ಕ್ಕೂ 10 ಬೋಲ್ಟ್, ಫೋರ್ಡ್ 8.8ಕ್ಕೂ 10 ಬೋಲ್ಟ್. ಫೋರ್ಡ್ 9.75 ಮತ್ತು ಕ್ರೈಸ್ಲರ್ 9.25 ಎರಡಕ್ಕೂ 12. ಜನರಲ್ ಮೋಟಾರ್ಸ್‌ನವರ 9.5 ಇಂಚಿನದಕ್ಕೂ 14, 10.5 ಇಂಚಿನದಕ್ಕೂ 14, ಆಮೇಲೆ ಬಂದ ಅಮೆರಿಕನ್ ಆಕ್ಸಲ್ ಕಂಪನಿಯ 11.5 ಇಂಚಿನದಕ್ಕೂ 14. "ನಂದು ಹದಿನಾಲ್ಕು ಬೋಲ್ಟಿನದು" ಅಂದರೆ ಯಾವುದು ಅಂತ ಹೇಳೋದು?

ಹಾಗಾಗಿ ಎಣಿಕೆಯ ಜೊತೆ ಕವರ್‌ನ ಆಕಾರವೂ ಬೇಕು. ಗುಂಡಗಿದೆಯಾ, ಚೌಕಾಕಾರಕ್ಕೆ ಹತ್ತಿರವಿದೆಯಾ, ಒಂದು ಬದಿ ಉಬ್ಬಿದೆಯಾ, ಅಂಚು ಎಲ್ಲಿ ಚಪ್ಪಟೆಯಾಗಿದೆ, ಇದೆಲ್ಲ ಗುರುತು. ಬಿಡಿಭಾಗ ಮಾರುವವರ ಬಳಿ ಗ್ಯಾಸ್ಕೆಟ್ ಆಕಾರಗಳ ಚಿತ್ರಪಟ್ಟಿ ಸಿಗುತ್ತದೆ, ಅದಕ್ಕೆ ಹೋಲಿಸಿ ನೋಡಿ. ಒಂದು ಕಿವಿಮಾತು: ಸ್ಕೇಲ್ ಹಿಡಿದು ಕವರ್ ಅಗಲ ಅಳೆದು ಅದೇ ಕ್ರೌನ್ ಅಗಲ ಅಂದುಕೊಳ್ಳಬೇಡಿ. 8.8, 9.5 ಅನ್ನುವ ಸಂಖ್ಯೆಗಳು ಒಳಗಿನ ಕ್ರೌನ್ ವೀಲ್‌ನ ಹೊರವ್ಯಾಸ. ಡಾನಾದವರ 44, 60 ಅನ್ನೋದಂತೂ ಇಂಚಿನ ಅಳತೆಯೇ ಅಲ್ಲ, ಬರೀ ಮಾಡೆಲ್ ಹೆಸರು.

ದೊಡ್ಡ ಲಾರಿಯ ಟ್ಯಾಗಿನಲ್ಲಿ ಇರೋದನ್ನ ಓದೋದು ಹೇಗೆ?

ಅದರಲ್ಲಿ ಒಂದು ಲೆಕ್ಕ ಇದೆ. ಮೆರಿಟರ್‌ನ ಆರ್‌ಟಿ-40-145 ತೆಗೆದುಕೊಳ್ಳಿ. 'ಆರ್' ಅಂದರೆ ಹಿಂದಿನದು, 'ಟಿ' ಅಂದರೆ ಜೋಡಿ ಆಕ್ಸಲ್, 40 ಅಂದರೆ ಜೋಡಿಗೆ 40,000 ಪೌಂಡ್, ಸುಮಾರು 18 ಟನ್ ಹೊರುವ ಶಕ್ತಿ. ಕೊನೆಯ 145 ಕ್ಯಾರಿಯರ್‌ನ ಮಾಡೆಲ್. ಆರ್‌ಎಸ್-23-160 ಅಂತಿದ್ದರೆ ಒಂಟಿ ಆಕ್ಸಲ್, 23,000 ಪೌಂಡ್. ಡಾನಾ ಸ್ಪೈಸರ್‌ನ ಡಿಎಸ್404 ಅಂದರೆ ಜೋಡಿಯಲ್ಲಿ ಮುಂದಿನದು, ಜೊತೆ ಆಕ್ಸಲ್ ಆರ್‌ಎಸ್404. 40 ಅಲ್ಲೂ ಅದೇ ಅರ್ಥ.

ಗಮನಿಸಿ, ಆರ್‌ಎಸ್ ಅನ್ನೋದು ಒಬ್ಬರ ಹತ್ತಿರ ಒಂಟಿ ಆಕ್ಸಲ್, ಇನ್ನೊಬ್ಬರ ಹತ್ತಿರ ಜೋಡಿಯ ಹಿಂದಿನದು. ಕಂಪನಿ ಯಾವುದು ಅಂತ ನೋಡದೆ ಅಕ್ಷರ ಓದಲು ಹೋದರೆ ಗೊಂದಲ ಗ್ಯಾರಂಟಿ.

ಫುಲ್ ಫ್ಲೋಟಿಂಗ್, ಸೆಮಿ ಫ್ಲೋಟಿಂಗ್ ಅಂತಾರಲ್ಲ, ಏನದು? ನನಗೇನಾಗಬೇಕು?

ಹಿಂದಿನ ಚಕ್ರದ ನಡುವೆ ನೋಡಿ. ಹಬ್ ಡಬ್ಬಿಯ ಹಾಗೆ ಹೊರಗೆ ಚಾಚಿಕೊಂಡು, ಅದರ ಮುಖದ ಮೇಲೆ ಸುತ್ತಲೂ ಬೋಲ್ಟ್ ಇದ್ದರೆ ಫುಲ್ ಫ್ಲೋಟಿಂಗ್. ಅದರಲ್ಲಿ ಗಾಡಿಯ ಭಾರವನ್ನು ಹೌಸಿಂಗ್ ಹೊರುತ್ತದೆ, ಆಕ್ಸಲ್ ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಚಕ್ರ ನೆಲದ ಮೇಲೇ ಇರುವಾಗ ಆ ಬೋಲ್ಟ್ ಬಿಚ್ಚಿ ಶಾಫ್ಟನ್ನು ಎಳೆದು ಹೊರತೆಗೆಯಬಹುದು. ನಡುಭಾಗ ಚಪ್ಪಟೆಯಾಗಿದ್ದರೆ ಸೆಮಿ ಫ್ಲೋಟಿಂಗ್, ಅಲ್ಲಿ ಭಾರವೂ ಶಾಫ್ಟ್ ಮೇಲೆಯೇ.

ನಿಮಗೆ ಇದು ಎರಡು ಕಾರಣಕ್ಕೆ ಬೇಕು. ಒಂದು, ಗುರುತಿಸಲು: ಮೇಲೆ ಹೇಳಿದ ಹದಿನಾಲ್ಕು ಬೋಲ್ಟಿನ ಗೊಂದಲದಲ್ಲಿ 9.5 ಇಂಚಿನದು ಸೆಮಿ ಫ್ಲೋಟಿಂಗ್, 10.5ರದು ಫುಲ್ ಫ್ಲೋಟಿಂಗ್, ಚಕ್ರ ನೋಡಿದರೇ ಗೊತ್ತಾಗುತ್ತದೆ. ಇನ್ನೊಂದು, ಆಯಿಲ್ ಅಳತೆಗೆ: ಬಹಳಷ್ಟು ಫುಲ್ ಫ್ಲೋಟಿಂಗ್ ಆಕ್ಸಲ್‌ಗಳಲ್ಲಿ ಹಬ್ ಬೇರಿಂಗ್‌ಗೂ ಇದೇ ಆಯಿಲ್ ಹೋಗಬೇಕು.

ರೇಷಿಯೋ ಲೆಕ್ಕ ಹಾಕೋದು ಹೇಗೆ?

ಗಾಡಿ ಸಮತಟ್ಟು ನೆಲದಲ್ಲಿರಲಿ. ಇಂಜಿನ್ ಆಫ್. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡೆ ಕೊಡಿ. ಜಾಕ್ ಹಾಕಿ ಎತ್ತಿದ ಮೇಲೆ ಸ್ಟ್ಯಾಂಡ್ ಇಡಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಡಿ. ಏರ್ ಬ್ರೇಕ್ ಗಾಡಿಯಾದರೆ ಟ್ಯಾಂಕಿನಲ್ಲಿ ಗಾಳಿ ಇರಬೇಕು. ಗಾಳಿ ಇಲ್ಲದಿದ್ದರೆ ಸ್ಪ್ರಿಂಗ್ ಬ್ರೇಕ್ ಹಿಡಿದು ಚಕ್ರ ಅಲ್ಲಾಡುವುದೇ ಇಲ್ಲ.

ಮಾಮೂಲಿ, ಅಂದರೆ ಓಪನ್ ಡಿಫರೆನ್ಷಿಯಲ್ ಆದರೆ ಒಂದೇ ಬದಿ ಚಕ್ರ ಎತ್ತಿ. ಟೈರಿಗೊಂದು, ಪ್ರೊಪೆಲ್ಲರ್ ಶಾಫ್ಟಿಗೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಚಕ್ರವನ್ನು ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ರೇಷಿಯೋ. ಎರಡು ಸುತ್ತು ಯಾಕೆ? ಇನ್ನೊಂದು ಚಕ್ರ ನಿಂತಿರುವುದರಿಂದ ಡಿಫರೆನ್ಷಿಯಲ್ ಅರ್ಧಕ್ಕರ್ಧ ನುಂಗುತ್ತದೆ. ಕರಾರುವಾಕ್ಕಾಗಿ ಬೇಕು ಅಂದರೆ ಇಪ್ಪತ್ತು ಸುತ್ತು ತಿರುಗಿಸಿ ಹತ್ತರಿಂದ ಭಾಗಿಸಿ: ಶಾಫ್ಟ್ 41 ಸುತ್ತು ಬಂದರೆ 4.10, 37ರ ಮೇಲೆ ಇನ್ನೊಂದು ಕಾಲು ಸುತ್ತು ಬಂದರೆ 3.73. ಎರಡೇ ಸುತ್ತಿನಲ್ಲಿ 3.55 ಮತ್ತು 3.73ರ ವ್ಯತ್ಯಾಸ ಹಿಡಿಯುವುದು ಕಷ್ಟ.

ಲಿಮಿಟೆಡ್ ಸ್ಲಿಪ್ ಇದ್ದರೆ ಎರಡೂ ಚಕ್ರ ಎತ್ತಿ, ಎರಡೂ ಒಟ್ಟಿಗೆ ಒಂದೇ ದಿಕ್ಕಿಗೆ ತಿರುಗುವಂತೆ ಮಾಡಿ. ಆಗ ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತೋ ಅದು ರೇಷಿಯೋ.

ಕವರ್ ಹೇಗೂ ಬಿಚ್ಚಿದ್ದರೆ ಹಲ್ಲು ಎಣಿಸಿಬಿಡಿ. ಕ್ರೌನ್ ಹಲ್ಲನ್ನು ಪಿನಿಯನ್ ಹಲ್ಲಿನಿಂದ ಭಾಗಿಸಿದರೆ ಮುಗಿಯಿತು. 41ಕ್ಕೆ 11 ಆದರೆ 3.73, 41ಕ್ಕೆ 10 ಆದರೆ 4.10, 41ಕ್ಕೆ 6 ಆದರೆ 6.83. ಎಷ್ಟೋ ಸಲ ಕ್ರೌನ್ ಅಂಚಿನಲ್ಲೇ ಈ ಎರಡು ಅಂಕಿ ಗುದ್ದಿರುತ್ತಾರೆ. ಹಬ್ ರಿಡಕ್ಷನ್ ಇರುವ ಗಾಡಿಯಲ್ಲಿ ಮಾತ್ರ ಇದು ಅರ್ಧ ಲೆಕ್ಕ, ಯಾಕಂದ್ರೆ ಚಕ್ರದ ಹಬ್ ಒಳಗೆ ಇನ್ನೊಂದು ಗೇರ್ ಸೆಟ್ ಇದೆ. ಹೊರಗಿನಿಂದ ಸುತ್ತು ಎಣಿಸಿದರೆ ಒಟ್ಟು ರೇಷಿಯೋ ಬರುತ್ತದೆ.

ರೇಷಿಯೋಗೂ ಆಯಿಲ್‌ಗೂ ಸಂಬಂಧ ಇದೆಯಾ?

ನೇರವಾಗಿ ಇಲ್ಲ. 3.55 ಇರಲಿ 4.10 ಇರಲಿ, ಆಕ್ಸಲ್ ಅದೇ ಆದರೆ ಆಯಿಲ್ ಸಾಮಾನ್ಯವಾಗಿ ಅದೇ. ರೇಷಿಯೋ ಬೇಕಾಗುವುದು ಆಕ್ಸಲ್ ಗುರುತು ಖಚಿತ ಮಾಡಿಕೊಳ್ಳಲು, ಕ್ರೌನ್-ಪಿನಿಯನ್ ತರಿಸಲು.

ಲಿಮಿಟೆಡ್ ಸ್ಲಿಪ್ ಇದೆಯೋ ಇಲ್ವೋ ತಿಳಿಯೋದು ಹೇಗೆ?

ಎರಡೂ ಹಿಂದಿನ ಚಕ್ರ ಎತ್ತಿ, ನ್ಯೂಟ್ರಲ್‌ನಲ್ಲಿ ಒಂದನ್ನು ಕೈಯಿಂದ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಓಪನ್. ಜೊತೆಗೇ ಅದೇ ದಿಕ್ಕಿಗೆ ತಿರುಗಿದರೆ ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್.

ಆದರೆ ಈ ಪರೀಕ್ಷೆಗೂ ಮಿತಿ ಇದೆ. ತನ್ನೊಳಗಿನ ಕ್ಲಚ್ ಪ್ಲೇಟ್ ಸವೆದುಹೋದ ಲಿಮಿಟೆಡ್ ಸ್ಲಿಪ್ ಕೂಡ ಓಪನ್ ಥರವೇ ನಡೆದುಕೊಳ್ಳುತ್ತದೆ. ಜನರಲ್ ಮೋಟಾರ್ಸ್‌ನ ಜಿ80ಯಲ್ಲಿರುವ ಈಟನ್ ಲಾಕರ್, ಎರಡು ಚಕ್ರಗಳ ವೇಗದಲ್ಲಿ ಜೋರು ವ್ಯತ್ಯಾಸ ಬಂದಾಗ ಮಾತ್ರ ಹಿಡಿಯುತ್ತದೆ, ಕೈಯಲ್ಲಿ ನಿಧಾನ ತಿರುಗಿಸಿದರೆ ಅದೂ ಓಪನ್ ಅನ್ನಿಸುತ್ತದೆ. ಗಿಯರ್ ಮಾದರಿಯ ಟಾರ್ಸೆನ್ ಕೂಡ ಹೀಗೇ ಮೋಸ ಮಾಡಬಹುದು. ಟ್ಯಾಗ್ ಅಥವಾ ಕೋಡ್ ಸಿಕ್ಕು, ಆಕ್ಸಲ್ ಬದಲಾಗಿಲ್ಲ ಅಂತ ಗೊತ್ತಿದ್ದರೆ ಅದನ್ನೇ ನಂಬಿ. ಅದೂ ಇಲ್ಲದಿದ್ದರೆ ಕವರ್ ಬಿಚ್ಚಿ ನೋಡುವುದೇ ದಾರಿ. ನಡುವಿನ ಚಿಕ್ಕ ಗೇರ್‌ಗಳು ಮಾತ್ರ ಕಂಡರೆ ಓಪನ್. ಅವುಗಳ ನಡುವೆ 'ಎಸ್' ಆಕಾರದ ಪಟ್ಟಿ ಸ್ಪ್ರಿಂಗ್ ಅಥವಾ ಸುರುಳಿ ಸ್ಪ್ರಿಂಗ್‌ಗಳು ಕಂಡರೆ ಕ್ಲಚ್ ಇರುವ ಲಿಮಿಟೆಡ್ ಸ್ಲಿಪ್ ಅಂತ ತಿಳಿಯಿರಿ.

ಒಂದು ಎಚ್ಚರಿಕೆ. ಲಿಮಿಟೆಡ್ ಸ್ಲಿಪ್ ಗಾಡಿಯನ್ನು ಒಂದೇ ಬದಿ ಜಾಕ್ ಹಾಕಿ ಇಂಜಿನ್ ಆನ್ ಮಾಡಿ ಗೇರಿಗೆ ಹಾಕಬೇಡಿ. ನೆಲದ ಮೇಲಿರುವ ಚಕ್ರಕ್ಕೂ ಬಲ ಹೋಗಿ ಗಾಡಿ ಜಾಕಿನಿಂದ ಹಾರಿ ಬರುತ್ತದೆ.

ಜಿಎಲ್-4, ಜಿಎಲ್-5 ವ್ಯತ್ಯಾಸ ಏನು? ಜಾಸ್ತಿ ನಂಬರ್ ಇದ್ದರೆ ಜಾಸ್ತಿ ಒಳ್ಳೆಯದಲ್ವಾ?

ಜಿಎಲ್ ಅನ್ನೋದು ಗೇರ್ ಆಯಿಲ್‌ನ ದರ್ಜೆ. ಡಿಫರೆನ್ಷಿಯಲ್ ಮಟ್ಟಿಗೆ ಹೌದು, ಗೇರ್‌ಬಾಕ್ಸಿಗೆ ಅಲ್ಲ.

ಹೆಚ್ಚಿನ ಟ್ರಕ್ ಆಕ್ಸಲ್‌ಗಳಲ್ಲಿ ಇರುವುದು ಹೈಪಾಯಿಡ್ ಗೇರ್. ಪ್ರೊಪೆಲ್ಲರ್ ಶಾಫ್ಟ್ ಆಕ್ಸಲ್‌ನ ನಡುಗೆರೆಗೆ ಸರಿಯಾಗಿ ಬರದೆ ಸ್ವಲ್ಪ ಕೆಳಗೋ ಮೇಲೋ ಸರಿದು ಒಳಹೋಗುವುದನ್ನು ಪಕ್ಕದಿಂದ ನೋಡಿದರೆ ಕಾಣಬಹುದು. ಹೀಗೆ ಸರಿದಿರುವುದರಿಂದ ಪಿನಿಯನ್ ಹಲ್ಲು ಕ್ರೌನ್ ಹಲ್ಲಿನ ಮೇಲೆ ಬರೀ ಉರುಳುವುದಿಲ್ಲ, ಭಾರ ಹೇರಿಕೊಂಡೇ ಉದ್ದಕ್ಕೂ ಜಾರುತ್ತದೆ. ಆ ಒತ್ತಡಕ್ಕೆ ಆಯಿಲ್ ಪದರ ಹರಿದುಹೋಗಿ ಲೋಹಕ್ಕೆ ಲೋಹ ತಾಗುವ ಹಂತ ಬರುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಆಯಿಲ್‌ನಲ್ಲಿ ಬೆರೆಸಿರುವ ಗಂಧಕ-ರಂಜಕದ ಸಂಯುಕ್ತಗಳು. ಬಿಸಿಯಾದ ಜಾಗದಲ್ಲಿ ಅವು ಉಕ್ಕಿನ ಜೊತೆ ಸೇರಿ ಹಲ್ಲಿನ ಮೇಲೆ ತೆಳ್ಳನೆ ಪದರ ಕಟ್ಟುತ್ತವೆ, ಉಕ್ಕಿನ ಬದಲು ಆ ಪದರ ಸವೆಯುತ್ತದೆ. ಗೇರ್ ಆಯಿಲ್ ಮೂಗು ಮುಚ್ಚುವಂತೆ ನಾರುವುದೂ ಈ ಗಂಧಕದಿಂದಲೇ. ಜಿಎಲ್-5ರಲ್ಲಿ ಇದು ಜಾಸ್ತಿ, ಜಿಎಲ್-4ರಲ್ಲಿ ಕಡಿಮೆ. ಹೈಪಾಯಿಡ್‌ಗೆ ಜಿಎಲ್-4 ಹಾಕಿದರೆ ಕ್ರೌನ್-ಪಿನಿಯನ್ ಹಲ್ಲು ಬೇಗ ಹಾಳಾಗುತ್ತದೆ.

ಗೇರ್‌ಬಾಕ್ಸ್ ಕಥೆ ಉಲ್ಟಾ. ಅಲ್ಲಿ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊನೈಸರ್ ಉಂಗುರಗಳು ಹಿತ್ತಾಳೆ, ಕಂಚಿನವು ಇರುತ್ತವೆ. ಜಿಎಲ್-5ರ ಆ ಸಂಯುಕ್ತಗಳು ಹಳದಿ ಲೋಹವನ್ನು ತಿನ್ನಬಹುದು, ಜೊತೆಗೆ ಉಂಗುರ ಸರಿಯಾಗಿ ಹಿಡಿಯದೆ ಗೇರ್ ಬೀಳುವುದು ಕಷ್ಟವಾಗಬಹುದು. ಡಿಫರೆನ್ಷಿಯಲ್‌ಗೆ ತಂದು ಮಿಕ್ಕಿದ ಆಯಿಲನ್ನು ಸುಮ್ನೆ ಗೇರ್‌ಬಾಕ್ಸಿಗೆ ಸುರಿಯಬೇಡಿ.

ಡಬ್ಬಿಯ ಮೇಲೆ ಎಸ್‌ಎಇ ಜೆ2360 ಅಂತಲೂ ಇದ್ದರೆ ಇನ್ನೂ ಒಳ್ಳೆಯದು. ಅದು ಜಿಎಲ್-5ಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ, ಹಳೆಯ ಮಿಲಿಟರಿ ಮಾನದಂಡದಿಂದ ಬಂದದ್ದು.

80ಡಬ್ಲ್ಯು-90, 85ಡಬ್ಲ್ಯು-140, 75ಡಬ್ಲ್ಯು-90... ಯಾವುದು?

ಮೊದಲ ಅಂಕಿ ಚಳಿಗೆ, ಎರಡನೆಯದು ಬಿಸಿಗೆ. 75ಡಬ್ಲ್ಯು ಮೈನಸ್ 40 ಡಿಗ್ರಿವರೆಗೂ ಹರಿಯುವ ಪರೀಕ್ಷೆ ಪಾಸಾಗಿರುತ್ತದೆ, 80ಡಬ್ಲ್ಯು ಮೈನಸ್ 26ರವರೆಗೆ, 85ಡಬ್ಲ್ಯು ಮೈನಸ್ 12ರವರೆಗೆ. ಆಯಿಲ್ 100 ಡಿಗ್ರಿಗೆ ಕಾದಾಗ ಎಷ್ಟು ಮಂದ ಉಳಿಯುತ್ತದೆ ಅನ್ನೋದು ಎರಡನೆಯ ಅಂಕಿ. 140 ಅನ್ನೋದು 90ಕ್ಕಿಂತ ಸಾಕಷ್ಟು ಮಂದ.

ಹಿಮ ಬೀಳದ ಜಾಗದಲ್ಲಿ ಮೊದಲ ಅಂಕಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಎರಡನೆಯದು ಮುಖ್ಯ. ಆಕ್ಸಲ್ ತಯಾರಕರು 90 ಹೇಳಿದ್ದರೆ 90. "ಲೋಡ್ ಜಾಸ್ತಿ, 140 ಹಾಕಿದರೆ ಗಟ್ಟಿ" ಅಂತ ಹೇಳುವವರು ಎಲ್ಲ ಕಡೆ ಇದ್ದಾರೆ. ಭಾರ ಹೊತ್ತು ಉದ್ದದ ಏರು ಹತ್ತುವ ಗಾಡಿಗೆ 140 ಹಾಕಬಹುದು ಅಂತ ಕೈಪಿಡಿಯೇ ಹೇಳಿದ್ದರೆ ಖಂಡಿತ ಹಾಕಿ. ಹೇಳಿಲ್ಲದಿದ್ದರೆ ಬೇಡ. ಮಂದವಾದ ಆಯಿಲನ್ನು ಕಲಕಲಿಕ್ಕೇ ಶಕ್ತಿ ಖರ್ಚಾಗುತ್ತದೆ, ಆ ಶಕ್ತಿ ಬಿಸಿಯಾಗುತ್ತದೆ, ಜೊತೆಗೆ ಪಿನಿಯನ್ ಬೇರಿಂಗ್‌ನ ಸಣ್ಣ ಸಂದಿಗೆ ಬೆಳಿಗ್ಗೆ ಬೆಳಿಗ್ಗೆ ಅದು ಬೇಗ ತಲುಪುವುದಿಲ್ಲ.

ಗೇರ್ ಆಯಿಲ್ 90 ಅಂದರೆ ಇಂಜಿನ್ ಆಯಿಲ್ 40ಕ್ಕಿಂತ ಎರಡು ಪಟ್ಟು ಮಂದನಾ?

ಅಲ್ಲ. ಎರಡೂ ಬೇರೆ ಬೇರೆ ಅಳತೆಪಟ್ಟಿ. ಬಿಸಿಯಲ್ಲಿ ಗೇರ್ ಆಯಿಲ್ 90 ಹೆಚ್ಚುಕಮ್ಮಿ ಇಂಜಿನ್ ಆಯಿಲ್ 40-50ರಷ್ಟೇ ಮಂದ. ಹಾಗಂತ ಇಂಜಿನ್ ಆಯಿಲ್ ಹಾಕಬೇಡಿ, ಅದರಲ್ಲಿ ಆ ಗಂಧಕದ ರಕ್ಷಣೆ ಇಲ್ಲ.

ಸಿಂಥೆಟಿಕ್ ಬೇಕಾ, ಮಿನರಲ್ ಸಾಕಾ?

ತಯಾರಕರು ಸಿಂಥೆಟಿಕ್ ಅಂತ ಬರೆದಿದ್ದರೆ ಸಿಂಥೆಟಿಕ್ಕೇ ಹಾಕಿ, ಅಲ್ಲಿ ಚರ್ಚೆ ಇಲ್ಲ. ಮಿನರಲ್ ಸಾಕು ಅಂದಿದ್ದರೆ, ಗಾಡಿ ಹಗುರ ಕೆಲಸದಲ್ಲಿದ್ದರೆ, ಸಮಯಕ್ಕೆ ಸರಿಯಾಗಿ ಬದಲಾಯಿಸುವ ಶಿಸ್ತು ನಿಮಗಿದ್ದರೆ, ಮಿನರಲ್ ಏನೂ ಕಮ್ಮಿ ಅಲ್ಲ. ಸಿಂಥೆಟಿಕ್ ಗೆಲ್ಲುವುದು ಬಿಸಿಯಲ್ಲಿ. ಟ್ರೇಲರ್ ಎಳೆಯುತ್ತಾ ಘಾಟಿ ಹತ್ತುವಾಗ ಆಯಿಲ್ 120 ಡಿಗ್ರಿ ದಾಟಿದರೆ ಮಿನರಲ್ ಬೇಗ ಹಳಸುತ್ತದೆ. ಸಿಂಥೆಟಿಕ್ ಹೆಚ್ಚು ಹೊತ್ತು ತಡೆಯುತ್ತದೆ, ಅದಕ್ಕೇ ಅದರ ಬದಲಾವಣೆಯ ಅವಧಿಯೂ ಉದ್ದ.

ಮಿನರಲ್, ಸಿಂಥೆಟಿಕ್ ಬೆರೆತರೆ ಆಕಾಶ ಕಳಚಿ ಬೀಳಲ್ಲ. ದಾರಿಯಲ್ಲಿ ಕಮ್ಮಿಯಾಯ್ತು ಅಂತ ಅರ್ಧ ಲೀಟರ್ ಬೇರೆಯದು ಹಾಕಿ ಊರು ಮುಟ್ಟಬಹುದು, ಅದೂ ಜಿಎಲ್-5 ಆಗಿರಬೇಕು ಅಷ್ಟೇ. ಆದರೆ ಅವಧಿಯನ್ನು ಮಿನರಲ್ ಲೆಕ್ಕದಲ್ಲೇ ಹಿಡಿಯಿರಿ.

ಫ್ರಿಕ್ಷನ್ ಮಾಡಿಫೈಯರ್ ಅಂತ ಚಿಕ್ಕ ಬಾಟಲಿ ಕೊಡ್ತಾರೆ. ಹಾಕಬೇಕಾ?

ಅದು ಪ್ಲೇಟ್‌ಗಳ ಉಜ್ಜಾಟ ನಯವಾಗಲಿ ಅಂತ ಆಯಿಲ್‌ಗೆ ಬೆರೆಸುವ ದ್ರವ. ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್‌ಗೆ ಮಾತ್ರ. ಅದರಲ್ಲೂ ಡಬ್ಬಿ ಓದಿ. ಕೆಲವು ಆಯಿಲ್‌ಗಳಲ್ಲಿ ಅದು ಮೊದಲೇ ಬೆರೆತಿರುತ್ತದೆ, 'ಎಲ್‌ಎಸ್' ಅಂತ ಅಥವಾ ಲಿಮಿಟೆಡ್ ಸ್ಲಿಪ್‌ಗೆ ಅಂತ ಬರೆದಿರುತ್ತದೆ. ಅದರ ಮೇಲೆ ಮತ್ತೊಂದು ಬಾಟಲಿ ಸುರಿದರೆ ಪ್ಲೇಟ್‌ಗಳು ಜಾರತೊಡಗಿ ಲಿಮಿಟೆಡ್ ಸ್ಲಿಪ್ ಇದ್ದೂ ಇಲ್ಲದ ಹಾಗೆ.

ಹಾಕದೆ ಬಿಟ್ಟರೆ? ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೊರಳುವಾಗ ಹಿಂದಿನಿಂದ ಗರ್ರ್ ಗರ್ರ್ ಅಂತ ನಡುಕ ಬರುತ್ತದೆ. ಪ್ಲೇಟ್‌ಗಳು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುವ ಸದ್ದು ಅದು. ಸಣ್ಣ ಬಾಟಲಿ ಸಾಮಾನ್ಯವಾಗಿ 4 ಔನ್ಸ್, ಅಂದರೆ ಸುಮಾರು 118 ಮಿಲಿ. ಒಂದೇ ಸಲ ಪೂರ್ತಿ ಸುರಿಯದೆ ಸ್ವಲ್ಪ ಸ್ವಲ್ಪ ಹಾಕಿ, ಖಾಲಿ ಜಾಗದಲ್ಲಿ ಎಂಟರ ಆಕಾರದಲ್ಲಿ ನಿಧಾನ ಓಡಿಸಿ ನೋಡಿ. ಸದ್ದು ನಿಂತರೆ ಅಲ್ಲಿಗೆ ಸಾಕು.

ಓಪನ್‌ಗೆ, ಟಾರ್ಸೆನ್‌ಗೆ, ಹಲ್ಲು ಕಚ್ಚುವ ಲಾಕರ್‌ಗೆ ಬೇಕಿಲ್ಲ. ಈಟನ್‌ನ ಜಿ80 ಒಳಗೆ ಪ್ಲೇಟ್ ಇದ್ದರೂ ಅದಕ್ಕೂ ಹಾಕುವುದಿಲ್ಲ, ಹಾಕಿದರೆ ಸರಿಯಾಗಿ ಲಾಕ್ ಆಗುವುದಿಲ್ಲ.

ಎಷ್ಟು ಲೀಟರ್ ಹಾಕಬೇಕು? ಮಟ್ಟ ನೋಡೋದು ಹೇಗೆ?

ಲೀಟರ್ ಲೆಕ್ಕ ಆಯಿಲ್ ಕೊಂಡು ತರಲು, ಮಟ್ಟ ನೋಡಲು ಫಿಲ್ಲರ್ ತೂತು. ಮಾಮೂಲಿ ನಿಯಮ: ಗಾಡಿ ಸಮನೆಲದಲ್ಲಿರಬೇಕು, ಆಯಿಲ್ ತೂತಿನ ಕೆಳ ಅಂಚಿಗೆ ಬಂದು ನಿಲ್ಲಬೇಕು. ಕಿರುಬೆರಳು ತೂತಿನೊಳಗೆ ಹಾಕಿ ಬೆಂಡು ಮಾಡಿದರೆ ತುದಿಗೆ ಆಯಿಲ್ ತಾಗಿದ್ದು ಗೊತ್ತಾಗುತ್ತದೆ, ಆದರೆ "ಬೆರಳಿಗೆ ತಾಗಿತು, ಸಾಕು" ಅನ್ನೋದು ಸರಿಯಲ್ಲ, ಅಂಚಿನ ಮಟ್ಟಕ್ಕೇ ಇರಬೇಕು. ಕೆಲವು ಪಿಕಪ್ ಆಕ್ಸಲ್‌ಗಳಲ್ಲಿ ಅಂಚಿಗಿಂತ ಕಾಲು ಅರ್ಧ ಇಂಚು ಕೆಳಗೆ ಅಂತ ಕೈಪಿಡಿ ಹೇಳುತ್ತದೆ, ಹಾಗಿದ್ದರೆ ಅದನ್ನೇ ಪಾಲಿಸಿ.

ದೊಡ್ಡ ಲಾರಿಗಳಲ್ಲಿ ಇಲ್ಲೊಂದು ಬಲೆ ಇದೆ. ಮೆರಿಟರ್ ಹೌಸಿಂಗ್‌ಗಳಲ್ಲಿ ದೊಡ್ಡ ಫಿಲ್ಲರ್ ಪ್ಲಗ್‌ನ ಕೆಳಗೆ ಇನ್ನೊಂದು ಚಿಕ್ಕ ಪ್ಲಗ್ ಇರುತ್ತದೆ. ನೋಡಿದವರಿಗೆ ಇದೇ ಮಟ್ಟ ನೋಡುವ ತೂತು ಅನ್ನಿಸುತ್ತದೆ. ಅದು ಉಷ್ಣತೆ ಸೆನ್ಸರ್ ಹಾಕುವ ಜಾಗ. ಆ ತೂತಿನ ಮಟ್ಟಕ್ಕೆ ಆಯಿಲ್ ನಿಲ್ಲಿಸಿದರೆ ಪಿನಿಯನ್ ಬೇರಿಂಗ್ ಒಣಗಿಯೇ ಓಡುತ್ತದೆ. ಪಿನಿಯನ್ ತುಂಬಾ ಮೇಲ್ಮುಖವಾಗಿ ಕೂತ ಆಕ್ಸಲ್‌ಗಳಲ್ಲಿ ಹೌಸಿಂಗ್ ತೂತಿನ ಬದಲು ಕ್ಯಾರಿಯರ್ ಪಕ್ಕದ ತೂತಿನಲ್ಲಿ ಮಟ್ಟ ನೋಡಬೇಕಾಗುತ್ತದೆ.

ಜಾಸ್ತಿ ತುಂಬಿದರೂ ತೊಂದರೆಯೇ. ಆಯಿಲ್ ನೊರೆ ಬರುತ್ತದೆ, ಬಿಸಿಯಾಗುತ್ತದೆ, ಸೀಲ್ ದಾಟಿ ಬ್ರೇಕ್ ಲೈನರ್ ಮೇಲೆ ಹೋಗುತ್ತದೆ.

ಬದಲಾಯಿಸುವಾಗ ಯಾವ ಕ್ರಮ?

ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ. ಡ್ರೇನ್ ಪ್ಲಗ್ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ಹಳೆಯದನ್ನೆಲ್ಲ ಸುರಿಸಿದ ಮೇಲೆ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಬರದೇ ಇದ್ದರೆ ಆಯಿಲ್ ಇಲ್ಲದ ಗಾಡಿಯ ಕೆಳಗೆ ಮಲಗಿ ಪೆಚ್ಚುಮೋರೆ ಹಾಕಬೇಕಾಗುತ್ತದೆ.

ಸ್ವಲ್ಪ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಸುರಿಸಿ, ಕೊಳೆ ಸಮೇತ ಹೊರಬರುತ್ತದೆ. ಕೈ ಸುಡುವಷ್ಟು ಬಿಸಿ ಬೇಡ. ಡ್ರೇನ್ ಪ್ಲಗ್ಗೇ ಇಲ್ಲದ ಆಕ್ಸಲ್‌ಗಳಲ್ಲಿ ಕವರ್ ಬಿಚ್ಚಬೇಕು: ಕೆಳಗಿನ ಬೋಲ್ಟ್‌ಗಳನ್ನು ಪೂರ್ತಿ ತೆಗೆದು, ಮೇಲಿನ ಎರಡನ್ನು ಸಡಿಲ ಮಾಡಿ ಹಾಗೇ ಬಿಟ್ಟು, ಕವರ್ ಕೆಳ ಅಂಚಿಗೆ ಮೆಲ್ಲಗೆ ಮೀಟಿದರೆ ಆಯಿಲ್ ತಟ್ಟೆಗೆ ಇಳಿಯುತ್ತದೆ, ಮೈ ಮೇಲೆ ಬೀಳಲ್ಲ.

ಫುಲ್ ಫ್ಲೋಟಿಂಗ್‌ನಲ್ಲಿ ಹಬ್ ಬೇರಿಂಗ್ ಆಯಿಲ್‌ನಲ್ಲೇ ಓಡುವಂಥದ್ದಾದರೆ, ಅದರಲ್ಲೂ ಹಬ್ ಬಿಚ್ಚಿ ಕೆಲಸ ಮಾಡಿದ್ದರೆ, ತುಂಬಿಸಿದ ಮೇಲೆ ಒಂದು ಬದಿ ಎತ್ತಿ ಒಂದೆರಡು ನಿಮಿಷ ಬಿಡಿ, ಆಮೇಲೆ ಇನ್ನೊಂದು ಬದಿ. ಆಯಿಲ್ ಹಬ್‌ಗೆ ಇಳಿಯುತ್ತದೆ. ಮತ್ತೆ ಸಮಕ್ಕೆ ತಂದು ಮಟ್ಟ ನೋಡಿದರೆ ಕಮ್ಮಿಯಾಗಿರುತ್ತದೆ, ಪುನಃ ತುಂಬಿಸಿ. ಗ್ರೀಸ್ ತುಂಬಿದ ಹಬ್ ಆದರೆ ಇದು ಬೇಡ. ಹಬ್ ರಿಡಕ್ಷನ್‌ಗೆ ಪ್ರತ್ಯೇಕ ಪ್ಲಗ್ ಇರುತ್ತದೆ. ಜೋಡಿ ಆಕ್ಸಲ್‌ನಲ್ಲಿ ಎರಡಕ್ಕೂ ಬೇರೆ ಬೇರೆ ತುಂಬಿಸಬೇಕು, ಮುಂದಿನದರಲ್ಲಿ ಎರಡು ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಕೂಡ ಇದೆ ಅನ್ನೋದು ಮರೆಯಬೇಡಿ.

ಮ್ಯಾಗ್ನೆಟ್ ಮೇಲೆ ಕಪ್ಪು ಕೆಸರು ಬಂತು. ಹೆದರಬೇಕಾ?

ಬೆರಳಲ್ಲಿ ಉಜ್ಜಿದರೆ ನುಣ್ಣಗೆ, ಬೂದು-ಕಪ್ಪು ಪೇಸ್ಟ್ ಥರ ಇದ್ದರೆ ಮಾಮೂಲಿ ಸವೆತ. ಸೂಜಿಯಂಥ ಚೂರು, ಚಕ್ಕೆ, ಹಲ್ಲಿನ ತುಂಡು ಸಿಕ್ಕರೆ ಕವರ್ ಬಿಚ್ಚದೆ ಮುಂದೆ ಓಡಿಸಬೇಡಿ. ಆಯಿಲ್ ಹಾಲು ಬೆರೆಸಿದ ಹಾಗೆ ಬಿಳಿಚಿದ್ದರೆ ನೀರು ಸೇರಿದೆ, ಕೂಡಲೇ ಬದಲಾಯಿಸಿ. ಸುಟ್ಟ ವಾಸನೆ, ತಾರಿನಂಥ ಕಪ್ಪು ಇದ್ದರೆ ಬಿಸಿ ಜಾಸ್ತಿಯಾಗಿದೆ ಅಥವಾ ಕಾಲ ಮೀರಿದೆ.

ಸೀಲ್ ಹೊಸದು ಹಾಕಿದರೂ ಮತ್ತೆ ಮತ್ತೆ ಸೋರುತ್ತದೆ, ಯಾಕೆ?

ಬ್ರೀದರ್ ನೋಡಿದಿರಾ? ಹೌಸಿಂಗ್ ಮೇಲೆ ಇರುವ ಪುಟ್ಟ ಟೋಪಿ, ಅಥವಾ ಅಲ್ಲಿಂದ ಮೇಲಕ್ಕೆ ಹೋಗುವ ಸಣ್ಣ ಪೈಪ್. ಅದು ಮಣ್ಣು ಮುಚ್ಚಿದರೆ ಒಳಗೆ ಬಿಸಿಯಾದ ಗಾಳಿಗೆ ಹೊರಹೋಗಲು ದಾರಿಯಿಲ್ಲ, ಒತ್ತಡ ಏರಿ ಆಯಿಲನ್ನು ಸೀಲ್‌ನಿಂದ ತಳ್ಳುತ್ತದೆ. ಬಿಸಿ ಆಕ್ಸಲ್ ನೀರಿಗೆ ಇಳಿದಾಗ ಗಾಳಿ ಒಳಕ್ಕೆ ಎಳೆದು ನೀರೂ ಸೇರುತ್ತದೆ. ಟೋಪಿ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಗಾಳಿ ಊದಿ ನೋಡಿ, ಆಮೇಲೆ ಸೀಲ್‌ಗೆ ಕೈ ಹಾಕಿ.

ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು?

ಕೈಪಿಡಿಯ ಅಂಕಿ ನೋಡಿ, ಅದರಲ್ಲಿ 'ಕಠಿಣ ಬಳಕೆ' ಅನ್ನುವ ಸಾಲು ನೋಡಿ. ಲೋಡ್ ಎಳೆಯುವವರು, ಧೂಳಿನ ಕ್ವಾರಿಯಲ್ಲಿ ಓಡಿಸುವವರು, ಏರಿಳಿತದ ರಸ್ತೆಯವರು ಎಲ್ಲ ಆ ಸಾಲಿಗೇ ಸೇರುತ್ತಾರೆ. ಹೊಸ ಕ್ರೌನ್-ಪಿನಿಯನ್ ಹಾಕಿಸಿದ್ದರೆ ಮೊದಲ ಆಯಿಲ್ ಬೇಗ ಬದಲಾಯಿಸಿ, ಹಲ್ಲು ಹೊಂದಿಕೊಳ್ಳುವಾಗ ಬಿದ್ದ ಪುಡಿಯೆಲ್ಲ ಅದರಲ್ಲೇ ಇರುತ್ತದೆ. ಆಕ್ಸಲ್ ಮುಳುಗುವಷ್ಟು ನೀರಲ್ಲಿ ಹೋಗಿದ್ದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಮರುದಿನವೇ ಪ್ಲಗ್ ಬಿಚ್ಚಿ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿ ತಂದಿದ್ದರೆ ಏನೂ ಯೋಚಿಸದೆ ಒಮ್ಮೆ ಬದಲಾಯಿಸಿ. ಒಳಗೆ ಯಾವುದಿದೆ ಅಂತ ಮಾರಿದವರಿಗೂ ಗೊತ್ತಿರಲ್ಲ.

ಆಯಿಲ್ ಬದಲಾಯಿಸಿದರೆ ಹಿಂದಿನ ಕೊರೆಯುವ ಸದ್ದು ಹೋಗುತ್ತದಾ?

ಲಿಮಿಟೆಡ್ ಸ್ಲಿಪ್‌ನ ಗರ್ರ್ ಸದ್ದು ಹೋಗಬಹುದು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಉಂಯ್ ಅನ್ನುವ ಸದ್ದು ಕ್ರೌನ್-ಪಿನಿಯನ್ ಹೊಂದಾಣಿಕೆಯದ್ದು, ಒತ್ತಿದರೂ ಬಿಟ್ಟರೂ ಒಂದೇ ಸಮ ಗುಂಯ್‌ಗುಡುವುದು ಬಹುಪಾಲು ಬೇರಿಂಗ್‌ದು. ಅವು ಆಯಿಲ್‌ನಿಂದ ವಾಸಿಯಾಗಲ್ಲ. ಮಂದ ಆಯಿಲ್ ಹಾಕಿ ಸದ್ದು ಸ್ವಲ್ಪ ಕಮ್ಮಿ ಮಾಡಿ ಗಾಡಿ ಮಾರುವವರಿದ್ದಾರೆ, ಹಳೇ ಗಾಡಿ ಕೊಳ್ಳುವಾಗ ಫಿಲ್ಲರ್ ಪ್ಲಗ್ ಬಿಚ್ಚಿಸಿ ಬೆರಳು ಹಾಕಿ ನೋಡಿ.